ಹುಳು ಸಾಕಣೆ ಮನೆಗೆ ಬೆಂಕಿ ತಡೆಯುವ ಶಾಖನಿರೋಧಕ ಹಲಗೆಗಳು

ರೇಷ್ಮೆ ಹುಳು ಸಾಕುವ ರೈತರಿಗೆ ಮನೆಯೊಳಗಿನ ಹವೆಯೇ ಅರ್ಧ ಬೆಳೆ. ಚಾಕಿ ಹುಳುಗಳಿಗೆ 27 ರಿಂದ 28 ಡಿಗ್ರಿ ಸೆಲ್ಸಿಯಸ್, ಬಲಿತ ಹುಳುಗಳಿಗೆ 24 ರಿಂದ 25 ಡಿಗ್ರಿ ಉಷ್ಣತೆ ಬೇಕು. ಆದರೆ ನಮ್ಮ ಬಯಲುಸೀಮೆಯ ಅನೇಕ ಸಾಕಣೆ ಮನೆಗಳ ಮೇಲಿರುವುದು ಸಿಮೆಂಟ್ ಷೀಟು ಇಲ್ಲವೆ ತಗಡು. ಏಪ್ರಿಲ್ ಬಿಸಿಲಿಗೆ ಕಾದ ಷೀಟು ಮಧ್ಯಾಹ್ನ ಸೆಖೆಯನ್ನೆಲ್ಲ ಹುಳುವಿನ ಮೇಲೆ ಇಳಿಸುತ್ತದೆ. ಡಿಸೆಂಬರ್ ರಾತ್ರಿಯಲ್ಲಿ ಅದೇ ಷೀಟು ಒಳಗಿನ ಶಾಖವನ್ನು ಹೊರಕ್ಕೆ ಬಿಟ್ಟುಬಿಡುತ್ತದೆ.

ಇದಕ್ಕೆ ಪರಿಹಾರವೆಂದು ಷೀಟಿನ ಕೆಳಗೆ ಥರ್ಮಾಕೋಲ್ ಹೊಡೆಸುವ ರೂಢಿ ಇದೆ. ಶಾಖ ತಡೆಯುವುದರಲ್ಲಿ ಅದು ಒಳ್ಳೆಯದೇ, ಬೆಲೆಯೂ ಕಡಿಮೆ. ಆದರೆ ಚಳಿಗಾಲದಲ್ಲಿ ಇದೇ ಮನೆಯಲ್ಲಿ ಇದ್ದಿಲು ಒಲೆಯನ್ನೋ ವಿದ್ಯುತ್ ಹೀಟರನ್ನೋ ಇಡುತ್ತೇವೆ. ಬಿದಿರಿನ ತಟ್ಟೆ, ಚಂದ್ರಿಕೆ, ಕಾಗದ, ಒಣಗಿದ ರೆಂಬೆ ಎಲ್ಲವೂ ಪಕ್ಕದಲ್ಲೇ ಇರುತ್ತವೆ. ಥರ್ಮಾಕೋಲ್ ಎಂಬುದು ಪ್ಲಾಸ್ಟಿಕ್ಕಿನ ನೊರೆ. ಸುಮಾರು 100 ಡಿಗ್ರಿಗೇ ಮೆತ್ತಗಾಗಿ ಕುಗ್ಗುತ್ತದೆ. ಹೊತ್ತಿಕೊಂಡರೆ ಕರಗಿ, ಉರಿಯುವ ಹನಿಗಳಾಗಿ ತಟ್ಟೆಗಳ ಮೇಲೆ ತೊಟ್ಟಿಕ್ಕುತ್ತದೆ. ದಟ್ಟವಾದ ಕಪ್ಪು ಹೊಗೆಯನ್ನೂ ಬಿಡುತ್ತದೆ. ಬೆಂಕಿ ನಿರೋಧಕವೆಂದು ಮಾರುವ ಥರ್ಮಾಕೋಲಿನಲ್ಲಿರುವ ರಾಸಾಯನಿಕವು ಸಣ್ಣ ಕಿಡಿಯನ್ನು ಆರಿಸೀತು, ದೊಡ್ಡ ಉರಿಯನ್ನು ತಡೆಯದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಅಲ್ಲಿ ಬೆಂಕಿ ಗೋಡೆಯ ಹೊರಮೈ ಹಿಡಿದು ಮೇಲೇರಲು ಮುಖ್ಯ ಕಾರಣ ಪ್ಲಾಸ್ಟಿಕ್ ತಿರುಳಿದ್ದ ಹೊದಿಕೆ ಹಲಗೆಗಳು.

ಹಾಗಾದರೆ ಯಾವ ಹಲಗೆ ಹಾಕಬೇಕು? ಪೇಟೆಯಲ್ಲಿ ಸುಲಭವಾಗಿ ಸಿಗುವುದು ಜಿಪ್ಸಮ್ ಹಲಗೆ. ಜಿಪ್ಸಮ್ಮಿನ ತೂಕದ ಸುಮಾರು ಐದನೆಯ ಒಂದು ಭಾಗ ಅದರೊಳಗೇ ಸೇರಿಕೊಂಡಿರುವ ನೀರು. ಬೆಂಕಿ ತಾಗಿದಾಗ ಈ ನೀರು ಆವಿಯಾಗಿ ಹೋಗುವವರೆಗೆ ಹಲಗೆಯ ಹಿಂಬದಿ ಹೆಚ್ಚು ಕಾಯುವುದಿಲ್ಲ. ಗುಣವೇನೋ ದೊಡ್ಡದು, ಆದರೆ ಸಾಧಾರಣ ಜಿಪ್ಸಮ್ ಹಲಗೆ ತೇವಕ್ಕೆ ತಡೆಯದು. ಪ್ರತಿ ಬೆಳೆಗೂ ತೊಳೆದು, ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವ ಮನೆಗೆ ಅದು ಹೊಂದದು. ಸುಣ್ಣ, ಮರಳಿನ ಹುಡಿ ಮತ್ತು ನಾರನ್ನು ಹಬೆಯಲ್ಲಿ ಗಟ್ಟಿಗೊಳಿಸಿದ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಬೆಂಕಿಗೂ ತೇವಕ್ಕೂ ನಿಲ್ಲುತ್ತದೆ. ತೆಳುವಾದುದರಿಂದ ಶಾಖ ತಡೆಯಲು ಅದರ ಮೇಲೆ ಕಲ್ಲುನಾರಿನ ಹಾಸು ಬೇಕು. ಆ ಹಾಸು ನೆನೆಯದಂತೆ ನೋಡಿಕೊಳ್ಳಬೇಕು.

ಗಾರೆ ಬಳಿಯುವ ಗೋಡೆಗೆ ನಾವು ಮೆಚ್ಚುವುದು ಮರದ ಎಳೆ ಮತ್ತು ಸಿಮೆಂಟಿನ ಹಲಗೆಯನ್ನು. ಮರವನ್ನು ಶಾವಿಗೆಯಂತೆ ಉದ್ದ ಎಳೆಗಳಾಗಿ ಸವರಿ, ಸಿಮೆಂಟಿನಲ್ಲಿ ಕಲಸಿ, ಒತ್ತಿ ಮಾಡಿದ ಹಲಗೆ ಇದು. ಮರವಿದ್ದರೂ ಉರಿಯುವುದಿಲ್ಲವೇ ಎಂದು ಕೇಳಬಹುದು. ಪ್ರತಿ ಎಳೆಗೂ ಸಿಮೆಂಟ್ ಕವಚವಿರುವುದರಿಂದ ಉರಿ ತಾಗಿದ ಕಡೆ ನಿಧಾನವಾಗಿ ಕರಿಯಾಗುತ್ತದೆಯೇ ಹೊರತು ಜ್ವಾಲೆ ಹರಡುವುದು ಕಷ್ಟ. ಎಳೆಗಳ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ. 25 ಮಿ.ಮೀ. ಹಲಗೆ ಈ ವಿಷಯದಲ್ಲಿ ಹೆಚ್ಚು ಕಡಿಮೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಸಮ. ಮೈ ಒರಟಾದ್ದರಿಂದ ಗಾರೆಯೂ ಚೆನ್ನಾಗಿ ಕಚ್ಚುತ್ತದೆ.

ಕೂಡಿಸುವ ಕೆಲಸದಲ್ಲೇ ತಪ್ಪುಗಳಾಗುವುದು. ಸಂದುಗಳು ಒಂದೇ ಗೆರೆಗೆ ಬರದಂತೆ, ಇಟ್ಟಿಗೆ ವರಸೆಯ ಹಾಗೆ ಜೋಡಿಸಬೇಕು. ಬೆಂಕಿ ನುಗ್ಗುವುದೂ, ಗಾರೆ ಬಿರಿಯುವುದೂ ಸಂದಿನಲ್ಲೇ. ಆದ್ದರಿಂದ ಪ್ರತಿ ಸಂದಿನ ಮೇಲೆ ತಂತಿ ಬಲೆಯ ಪಟ್ಟಿ ಹೊಡೆಯಬೇಕು. ಬ್ಲೀಚಿಂಗ್ ಪುಡಿ ಕಬ್ಬಿಣವನ್ನು ತಿನ್ನುವುದರಿಂದ ಮೊಳೆ, ಸ್ಕ್ರೂ, ಬಲೆಗಳೆಲ್ಲ ಸತುವಿನ ಲೇಪದವಾಗಿರಲಿ. ಮೊದಲು ನೀರಾದ ಸಿಮೆಂಟ್ ಮರಳನ್ನು ಎರಚಿ, ಅದು ಗಟ್ಟಿಯಾದ ಮೇಲೆ 12 ಮಿ.ಮೀ. ಗಾರೆ ಬಳಿದು, ಒಂದು ವಾರ ನೀರು ಚಿಮುಕಿಸಬೇಕು. ಗಾರೆಯೇ ಬೆಂಕಿಗೆ ಮೊದಲ ತಡೆ.

ಮಾಳಿಗೆಯ ಮಾತು ಬೇರೆ. 12 ಮಿ.ಮೀ. ಗಾರೆ ಎಂದರೆ ಚದರ ಮೀಟರಿಗೆ ಸುಮಾರು 24 ಕಿಲೋ ಭಾರ. ಹಲಗೆಯ ತೂಕ ಅದರ ಮೇಲೆ. ಷೀಟು ಹೊರುವ ಸಣ್ಣ ತೊಲೆಗಳಿಗೆ ಇಷ್ಟು ತೂಗಹಾಕುವ ಮುನ್ನ ತಿಳಿದವರಿಂದ ಪರೀಕ್ಷಿಸಿಕೊಳ್ಳಬೇಕು. ತೊಲೆ ಸಣ್ಣದಾಗಿದ್ದರೆ ಗಾರೆ ಬೇಡದ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯೇ ಮೇಲು. ಹಳೆಯ ಕಲ್ನಾರು ಷೀಟನ್ನು ಕೊರೆಯಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಚೌಕಟ್ಟನ್ನು ತೊಲೆಗೇ ಬಿಗಿಯಿರಿ. ಹಲಗೆಗೂ ಷೀಟಿಗೂ ನಡುವೆ ಗಾಳಿಯಾಡಲು ಬಿಟ್ಟ ಕಿಂಡಿಗೆ ಊಜಿ ನೊಣ ಬಾರದಂತೆ ಬಲೆ ಬೇಕಷ್ಟೆ; ಅಲ್ಲಿ ನೈಲಾನ್ ಬಲೆಗಿಂತ ಸಣ್ಣ ಕಣ್ಣಿನ ತಂತಿ ಬಲೆ ಲೇಸು. ಹಲಗೆಯ ಹಿಂದೆ ಹಾಯುವ ವಿದ್ಯುತ್ ತಂತಿ ಕೊಳವೆಯೊಳಗಿರಲಿ, ನಡುವೆ ಗಂಟು ಬೇಡ.

ಈ ಕೆಲಸವನ್ನು ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಇಟ್ಟುಕೊಳ್ಳಿ. ಹಸಿ ಗಾರೆಯ ತೇವ ಬಲಿತ ಹುಳುಗಳಿಗೆ ಆಗದು. ಗೋಡೆ ಪೂರ್ತಿ ಒಣಗಿದ ಮೇಲೆ ಮನೆಯನ್ನು ಸೋಂಕು ನಿವಾರಣೆ ಮಾಡಿ, ಆಮೇಲೆ ಹುಳು ತನ್ನಿ.