ಬಾಡದ ಜಗಲಿಯ ಮೇಲೆ ರೈಲು ಬತ್ತದೆ, ದಾರಿ ಬಿಡ್ರೋ!

ಬಾಡದಲ್ಲಿ ರೈಲು ನಿಲ್ದಾಣವಿಲ್ಲ. ರೈಲು ಹತ್ತಬೇಕೆಂದರೆ ಬಸ್ಸು ಹಿಡಿದು ಕುಮಟೆಗೇ ಬರಬೇಕು. ಆದರೂ ಇಲ್ಲಿನ ಜಗಲಿಯ ಮೇಲೆ, ಅಂಗಳದ ಮಣ್ಣಿನಲ್ಲಿ ರೈಲು ಓಡಿದ್ದಕ್ಕೆ ಲೆಕ್ಕವಿಲ್ಲ. ಖಾಲಿ ಬೆಂಕಿಪೊಟ್ಟಣ ಐದಾರು, ಅವನ್ನು ಪೋಣಿಸಲು ಒಂದು ಮೊಳ ನೂಲು, ಎಂಜಿನ್ನಿನ ಹೊಗೆಕೊಳವೆಗೆ ಮುಗಿದುಹೋದ ದಾರದ ರೀಲು. ಆಯಿತು, ಗಾಡಿ ತಯಾರು! "ರೈಲು ಬತ್ತದೆ, ದಾರಿ ಬಿಡ್ರೋ!" ಅಂತ ಹುಡುಗ ಕೂಗಿದನೆಂದರೆ ಕೊಬ್ಬರಿ ಒಣಹಾಕುವ ಅಜ್ಜಿಯೂ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು.

ಸೋಜಿಗ ಇರುವುದೇ ಇಲ್ಲಿ. ನಮ್ಮ ಕಡೆ ಆಟದ ರೈಲು ಮೊದಲು ಬಂತು, ನಿಜವಾದ ರೈಲು ಆಮೇಲೆ ಬಂತು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಘಟ್ಟದ ಮೇಲೆ ಕ್ಯಾಸಲ್‌ರಾಕ್‌ಗೆ ಅದಕ್ಕೂ ಮೊದಲೇ ಬಂದಿತ್ತು. ಆದರೆ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಗೆ ಹಳಿ ಎಂಬುದೇ ಇರಲಿಲ್ಲ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ. ಇ. ಶ್ರೀಧರನ್ ಅವರ ಮುಂದಾಳ್ತನದಲ್ಲಿ ಗುಡ್ಡ ಕೊರೆದು, ಹೊಳೆ ದಾಟಿಸಿ, ರೋಹಾದಿಂದ ಮಂಗಳೂರಿನವರೆಗೆ ಪ್ರಯಾಣಿಕರ ಗಾಡಿ ಓಡಿದ್ದು 1998ರ ಜನವರಿಯಲ್ಲಿ. ಅಲ್ಲಿಯವರೆಗೆ ಬಾಡದ ಹುಡುಗ ರೈಲು ನೋಡಿದ್ದು ಪಾಠದ ಪುಸ್ತಕದಲ್ಲಿ, ಸಿನಿಮಾ ಪರದೆಯ ಮೇಲೆ, ಇಲ್ಲವೇ ಅಪ್ಪನ ಕೈಹಿಡಿದು ಹುಬ್ಬಳ್ಳಿಗೆ ಹೋದಾಗ. ಕೊಂಕಣ ಮಾರ್ಗ ಪೂರ್ತಿ ವಿದ್ಯುತ್ತಿಗೆ ಬದಲಾದದ್ದು 2022ರಲ್ಲಿ. ಆದರೂ ಮಗುವಿನ ಕೈಗೆ ಸೀಸದ ಕಡ್ಡಿ ಕೊಟ್ಟು ರೈಲು ಬರಿ ಎನ್ನಿ. ಎಂಜಿನ್ನಿನ ತಲೆಯ ಮೇಲೆ ಮೊದಲು ಬರುವುದು ಕಪ್ಪು ಹೊಗೆಯೇ!

ಮಕ್ಕಳಾಟ ಅಂತೀರಾ?

ಹಾಗೆಂದು ತಳ್ಳಿಹಾಕುವ ಹಾಗಿಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿ ಅಳತೆ ಗೊತ್ತುಮಾಡಿ, ಹಳಿಗೆ ಹಳಿ ಜೋಡಿಸುವಂಥ ಕಿರು ರೈಲನ್ನು ಪೇಟೆಗೆ ತಂದದ್ದು 1891ರಲ್ಲಿ. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ಗಾಡಿ ಮಾಡಿದ. ಆಗ ಅದನ್ನು ಕೊಂಡದ್ದು ಮಗನಿಗಾಗಿ. ಮಗ ಮಲಗಿದ ಮೇಲೆ ಆಡುತ್ತ ಕೂತವನು ಅಪ್ಪ! ಪುಣೆಯಲ್ಲಿ ಭಾವು ಜೋಶಿ ಎಂಬವರ ಕಿರು ರೈಲುಗಳ ಸಂಗ್ರಹಾಲಯ ಜನರಿಗೆ ತೆರೆದದ್ದು 1998ರಲ್ಲಿ, ನಮ್ಮಲ್ಲಿ ನಿಜವಾದ ಗಾಡಿ ಓಡಿದ ವರ್ಷವೇ. ಜರ್ಮನಿಯ ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಕಿರು ರೈಲು ಲೋಕಕ್ಕೆ ಟಿಕೆಟ್ ಕೊಟ್ಟು ಹೋಗುವವರಲ್ಲಿ ತಲೆ ನರೆತವರೇನೂ ಕಮ್ಮಿಯಿಲ್ಲ.

ಗೇಣುದ್ದದ ಬೋಗಿ

ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿರುವ ಅಳತೆ 'ಎಚ್‌ಒ'. ಅಂದರೆ ನಿಜವಾದದ್ದರ 87ನೇ ಒಂದು ಪಾಲು. ಈ ಲೆಕ್ಕದಲ್ಲಿ ಒಂದು ಬೋಗಿ ಒಂದು ಗೇಣಿಗಿಂತ ತುಸು ಉದ್ದ, ಸುಮಾರು 25 ಸೆಂಟಿಮೀಟರ್. ಇಪ್ಪತ್ತು ಬೋಗಿ ಜೋಡಿಸಿದರೆ 5 ಮೀಟರ್. ಎಷ್ಟೋ ಮನೆಯ ಜಗಲಿ ಅಲ್ಲಿಗೇ ಮುಗಿಯಿತು. ಹೊನ್ನಾವರದ ಶರಾವತಿ ಸೇತುವೆ ಕೊಂಕಣ ಮಾರ್ಗದಲ್ಲೇ ಉದ್ದದ್ದು, 2 ಕಿಲೋಮೀಟರಿಗೂ ಮಿಗಿಲು. ಅದನ್ನು ಇದೇ ಅಳತೆಯಲ್ಲಿ ಕಟ್ಟಹೊರಟರೆ ಬೇಕಾದ ಜಾಗ ಸುಮಾರು 24 ಮೀಟರ್. ಮನೆ ದಾಟಿ, ಅಂಗಳ ದಾಟಿ, ತೆಂಗಿನ ತೋಟಕ್ಕೇ ಹೋಗಬೇಕು!

ತಿರುವಿನ ಕತೆ ಇನ್ನೂ ಕಷ್ಟದ್ದು. ಗಾಡಿ ಜೋರಾಗಿ ಹೋಗಲೆಂದು ಕೊಂಕಣ ಮಾರ್ಗದ ತಿರುವುಗಳನ್ನು 1250 ಮೀಟರಿಗಿಂತ ಕಡಿಮೆ ತ್ರಿಜ್ಯ ಇರದಂತೆ ಹಾಕಿದ್ದಾರೆ. ಕಿರು ಅಳತೆಗೆ ಇಳಿಸಿದರೂ ಅದು 14 ಮೀಟರ್ ಆಗುತ್ತದೆ. ಮೇಜಿನ ಮೇಲೆ ಸಿಗುವುದು ಅರ್ಧ ಮೀಟರ್. ಹಾಗಾಗಿ ತಿರುವಿಗೊಂದು ಗುಡ್ಡ ಅಡ್ಡ ಇಡಬೇಕು, ಗುಡ್ಡಕ್ಕೊಂದು ಸುರಂಗ ಕೊರೆಯಬೇಕು, ನೋಡುವವನ ಕಣ್ಣಿಗೆ ಬಲು ದೂರ ಹೋಯಿತು ಅನ್ನಿಸಬೇಕು. ಈ ಕಣ್ಕಟ್ಟೇ ಕಟ್ಟುವವನ ಜಾಣತನ.

ವಿದ್ಯುತ್ತಿನ ಗುಟ್ಟು ದೊಡ್ಡದೇನಲ್ಲ. ಎರಡು ಹಳಿಗೆ 12 ವೋಲ್ಟ್ ಕೊಟ್ಟರೆ ಚಕ್ರದ ಮೂಲಕ ಮೋಟಾರಿಗೆ ತಲಪುತ್ತದೆ. ತಂತಿ ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೂ ಚಿಂತೆಯಿಲ್ಲ, ಬ್ಯಾಟರಿ ಸಾಕು. ನಮ್ಮ ಕಡಲ ಗಾಳಿಯ ಉಪ್ಪು ಮಾತ್ರ ಶತ್ರು. ಹಳಿ ಒರೆಸದೆ ನಾಲ್ಕು ದಿನ ಬಿಟ್ಟಿರೋ, ಗಾಡಿ ಅಲ್ಲೇ ಮುಷ್ಕರ ಹೂಡುತ್ತದೆ.

ಬಿಡದ ಮೋಹ ಏಕೆ?

ನಿಲ್ದಾಣದಲ್ಲಿ ಕಾಯುವುದು ನಾವು, ಓಡುವುದು ರೈಲು. ಕ್ರಾಸಿಂಗ್ ಇದೆಯೆಂದು ನಿಂತರೆ ನಿಂತಿತು, ತಡವಾದರೆ ತಡವಾಯಿತು. ರಾಜಧಾನಿ ಎಕ್ಸ್‌ಪ್ರೆಸ್ ಕುಮಟೆಯಲ್ಲಿ ನಿಲ್ಲುವುದೇ ಇಲ್ಲ, ಗಾಳಿ ಬೀಸಿ ಹೋಗುತ್ತದೆ. ಆದರೆ ಜಗಲಿಯ ರೈಲಿಗೆ ಸ್ಟೇಷನ್ ಮಾಸ್ತರನೂ ನೀನೇ, ಡ್ರೈವರನೂ ನೀನೇ. ರಾಜಧಾನಿಯನ್ನು ಬಾಡದಲ್ಲೇ ನಿಲ್ಲಿಸು, ಕೇಳುವವರು ಯಾರು? ದಿನವಿಡೀ ಇನ್ನೊಬ್ಬರ ವೇಳಾಪಟ್ಟಿಗೆ ಓಡುವ ಮನುಷ್ಯನಿಗೆ ಇದು ಸಣ್ಣ ಸುಖವಲ್ಲ. ಹಾಗೆಯೇ ನಿಜವಾದ ಹಳಿಯಿಂದ ಮಾಯವಾದ ಉಗಿಬಂಡಿ ಇಂದಿಗೂ ಮೇಜಿನ ಮೇಲೆ ಓಡುತ್ತದೆ.

ಖರ್ಚಿನ ಮಾತು ಬಂದರೆ ಮುಖ ಸಣ್ಣದಾಗುತ್ತದೆ. ಹೊರದೇಶದ ಒಂದು ಎಂಜಿನ್ನಿಗೆ ಸಾವಿರಗಟ್ಟಲೆ ಎಣಿಸಬೇಕು. ಆದರೆ ದುಡ್ಡಿಲ್ಲವೆಂದು ಕೈಕಟ್ಟಿ ಕೂರಬೇಕೆ? ಕುಮಟಾ, ಹೊನ್ನಾವರದ ಗುಡಿಗಾರರು ಗಂಧದ ಮರದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಎಲೆ ಕೆತ್ತಿದವರು. ಯಕ್ಷಗಾನದ ಕಿರೀಟಕ್ಕೆ ಹಗುರ ಮರ ಕೊರೆದ ಕೈಗಳು ಈ ಊರುಗಳಲ್ಲೇ ಇವೆ. ಅಂಥ ಕೈಗೆ ಗೇಣುದ್ದದ ಬೋಗಿ ಯಾವ ಲೆಕ್ಕ?

ಚಿಂತೆ ಬೇರೆಯದು. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ರೈಲು ಗುಂಡಿ ಒತ್ತಿದರೆ ಸುತ್ತುತ್ತದೆ, ವಾರದಲ್ಲಿ ಕೆಡುತ್ತದೆ, ಮೂಲೆ ಸೇರುತ್ತದೆ. ಆಮೇಲೆ ಹುಡುಗನ ಕೈಗೆ ಮೊಬೈಲು. ಬೆಂಕಿಪೊಟ್ಟಣದ ಗಾಡಿ ಕಟ್ಟಿದ ಹುಡುಗ ಮಾತ್ರ ತನಗೇ ಗೊತ್ತಿಲ್ಲದೆ ಅಳತೆ ಕಲಿತ, ಸಮತೂಕ ಕಲಿತ, ಮುರಿದದ್ದನ್ನು ಜೋಡಿಸಲು ಕಲಿತ. ಹೊತ್ತು ಕಳೆಯುವುದಕ್ಕಿಂತ ದೊಡ್ಡ ಲಾಭ ಅದು. ಕೈಬಿಟ್ಟರೆ ನಷ್ಟವೂ ಅಷ್ಟೇ ದೊಡ್ಡದು.

ಆದ್ದರಿಂದ ಅಂಗಡಿಕಾರರಲ್ಲಿ ಒಂದು ಅರಿಕೆ. ಸಾಬೂನಿನ ರಟ್ಟಿನ ಪೆಟ್ಟಿಗೆ, ದಾರದ ರೀಲು, ಬೆಂಕಿಪೊಟ್ಟಣ ಖಾಲಿಯಾದರೆ ಒಲೆಗೆ ಹಾಕಬೇಡಿ. ಮಳೆ ಹಿಡಿದು ಶಾಲೆಗೆ ರಜೆ ಬಿದ್ದ ದಿನ ಕೇಳಿಕೊಂಡು ಬರುವ ಹುಡುಗನಿಗೆ ಎತ್ತಿಡಿ. "ಎಂತಕ್ಕೋ ತಮಾ ಇದು?" ಅಂತ ಕೇಳಿ ನೋಡಿ. ರೈಲಿಗೆ ಅಂದನೋ, ಇನ್ನೆರಡು ಪೆಟ್ಟಿಗೆ ಜಾಸ್ತಿ ಕೊಡಿ. ಶರಾವತಿ ಸೇತುವೆ ಬಲು ಉದ್ದದ್ದು!