ಪೊಟ್ಟಣದೊಳಗೆ ಹರಿವೆ ಬೀಜ, ಹೊರಗೆ ಜಡಿಮಳೆ

ಜುಲೈ ತಿಂಗಳ ಮಡಿಕೇರಿಯಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹರಿವೆ, ಬದನೆ, ಸೂಜಿ ಮೆಣಸಿನ ಬೀಜಗಳು ಇದೇ ಹವೆಯಲ್ಲಿ ಕಪಾಟಿನೊಳಗೆ ಮಳೆಗಾಲ ಕಳೆಯಬೇಕು. ಮಳೆ ಹಿಂದೆ ಸರಿದ ಮೇಲೆ ಪಾತಿಗೆ ಬಿತ್ತಿದ ಬೀಜ ಹುಟ್ಟದಿದ್ದರೆ ಜನ ಬೀಜ ಕೊಟ್ಟವರನ್ನು ದೂರುತ್ತಾರೆ. ಅದು ತಮ್ಮ ಕಪಾಟಿನಲ್ಲೇ ಸತ್ತಿರಬಹುದು ಎಂಬುದು ಹೊಳೆಯುವುದಿಲ್ಲ.

ಪ್ಲಾಸ್ಟಿಕ್ ಕವರಿಗೆ ಸುರಿದು, ಬಾಯಿಯನ್ನು ಮೇಣದಬತ್ತಿಯಲ್ಲಿ ಸುಟ್ಟು ಅಂಟಿಸಿದರೆ ಬೀಜ ಭದ್ರ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದೆ. ತೆಳು ಕವರಿನ ಮೂಲಕ ನೀರು ಸೋರದಿದ್ದರೂ ನೀರಾವಿ ನಿಧಾನವಾಗಿ ದಾಟುತ್ತದೆ. ದಪ್ಪ ಪಾಲಿಥೀನ್, ಅದರಲ್ಲೂ 700 ಗೇಜಿನದು, ಅದನ್ನು ಸಾಕಷ್ಟು ತಡೆಯುತ್ತದೆ. ಅಲ್ಯೂಮಿನಿಯಂ ಹಾಳೆ ಸೇರಿಸಿದ ಚೀಲ ಇನ್ನೂ ಚೆನ್ನಾಗಿ ತಡೆಯುತ್ತದೆ.

ನಿಜವಾದ ಅಪಾಯ ಇನ್ನೊಂದಿದೆ. ಅರೆ ಒಣಗಿದ ಬೀಜವನ್ನು ಗಾಳಿಯಾಡದಂತೆ ಮುಚ್ಚಿದರೆ ಅದರ ತೇವ ಅದರ ಜೊತೆಗೇ ಬಂದಿ. ಬೀಜ ಒಳಗೇ ಉಸಿರಾಡುತ್ತ, ಬೂಷ್ಟು ಹಿಡಿದು, ಬಟ್ಟೆ ಚೀಲದಲ್ಲಿಟ್ಟದ್ದಕ್ಕಿಂತ ಬೇಗ ಹಾಳಾಗುತ್ತದೆ. ದೇಶದ ಬೀಜ ಪ್ರಮಾಣೀಕರಣ ಮಾನದಂಡ ಇದನ್ನು ಅಂಕಿಯಲ್ಲೇ ಹೇಳಿದೆ: ಬದನೆ, ಮೆಣಸಿನಕಾಯಿ ಬೀಜಕ್ಕೆ ಸಾಮಾನ್ಯ ಚೀಲದಲ್ಲಾದರೆ ಶೇ. 8ರವರೆಗೆ ತೇವ ನಡೆಯುತ್ತದೆ, ಆವಿ ದಾಟದ ಚೀಲದಲ್ಲಾದರೆ ಶೇ. 6 ಮೀರುವಂತಿಲ್ಲ. ಚೀಲ ಬಿಗಿಯಾದಷ್ಟೂ ಬೀಜ ಹೆಚ್ಚು ಒಣಗಿರಬೇಕು.

ಹಾಗಾದರೆ ಕಾಗದದ ಕವರೇ ಮೇಲು ಎನ್ನುವವರಿದ್ದಾರೆ. ಒಣಹವೆಯ ಊರಿಗೆ ಆ ಮಾತು ಸರಿ. ಕೊಡಗಿನ ಮಳೆಗಾಲದಲ್ಲಿ ಕಾಗದ ಹೊರಗಿನ ತೇವವನ್ನೆಲ್ಲ ಒಳಗೆ ಬಿಡುತ್ತದೆ. ಬೀಜ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೈ ದೊಡ್ಡದು; ಹಾಗಾಗಿ ಬೇಗ ಒಣಗುತ್ತದೆ, ಅಷ್ಟೇ ಬೇಗ ತೇವ ಹೀರುತ್ತದೆ. ಮಿಲಿಮೀಟರ್ ಅಗಲದ, ಕಪ್ಪಗೆ ಮಿರುಗುವ ಹರಿವೆ ಬೀಜ ಒಂದು ಗ್ರಾಂಗೆ ಸಾವಿರಕ್ಕೂ ಹೆಚ್ಚು ತೂಗುತ್ತದೆ. ಅಂಚೆ ಕವರಿನ ಮೂಲೆಯಲ್ಲಿ ಗೋಂದು ತಾಗದ ಸಣ್ಣ ಸಂದು ಸಿಕ್ಕರೂ ಸಾಕು, ಅಲ್ಲಿಂದ ಸೋರಿಹೋಗುತ್ತದೆ. ಪ್ಲಾಸ್ಟಿಕ್ಕಿಗೆ ನೇರವಾಗಿ ಸುರಿದರೆ ಸ್ಥಾಯಿ ವಿದ್ಯುತ್ತಿನಿಂದ ಗೋಡೆಗೆ ಅಂಟಿಕೊಂಡು, ಕೊಡವಿದರೂ ಬೀಳುವುದಿಲ್ಲ.

ಇದಕ್ಕೆ ಪರಿಹಾರ ದೇವಸ್ಥಾನದ ಕುಂಕುಮದ ಪೊಟ್ಟಣದಲ್ಲೇ ಇದೆ. ನುಣುಪು ಕಾಗದವನ್ನು ನಡುವೆ ಮಡಿಸಿ, ಬೀಜವನ್ನು ಆ ಗೆರೆಗೆ ಸುರಿದು, ಅಂಚುಗಳನ್ನು ಎರಡೆರಡು ಸಲ ಮಡಿಚಿ ಒಂದರೊಳಗೊಂದು ಸಿಕ್ಕಿಸಿದರೆ ಒಂದು ಕಾಳೂ ಹೊರಬೀಳದು. ಹೆಸರು, ಕೊಯ್ದ ತಿಂಗಳು ಮೇಲೆ ಬರೆದು, ಪೊಟ್ಟಣಗಳನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಬೇಕು. ಕಾಗದ ಬೀಜವನ್ನು ಹಿಡಿದಿಡುತ್ತದೆ, ಗಾಜು ತೇವವನ್ನು ತಡೆಯುತ್ತದೆ. ತಳದಲ್ಲಿ ಬೀಜದಷ್ಟೇ ತೂಕದ ಸಿಲಿಕಾ ಜೆಲ್ ಇದ್ದರೆ ಒಂದು ವಾರದಲ್ಲಿ ಉಳಿದ ತೇವವೂ ಇಳಿಯುತ್ತದೆ. ಜೆಲ್ ಸಿಗದಿದ್ದರೆ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಮುಚ್ಚಿಟ್ಟು ಆರಿಸಿದ ಅಕ್ಕಿಯೂ ಆ ಕೆಲಸ ಮಾಡುತ್ತದೆ. ಸ್ಟೀಲ್ ಡಬ್ಬಿ ನೋಡಲು ಗಟ್ಟಿ, ಆದರೆ ರಬ್ಬರ್ ಪಟ್ಟಿಯಿಲ್ಲದ ಅದರ ಮುಚ್ಚಳದ ಸಂದಿನಲ್ಲಿ ಗಾಳಿ ಓಡಾಡುತ್ತದೆ.

ಬೂದಿ ಬೆರೆಸಿದರೆ ಏನೂ ಆಗುವುದಿಲ್ಲ ಎಂಬ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ನಯವಾದ ಬೂದಿ ಹುಳುವನ್ನು ದೂರವಿಡುತ್ತದೆ, ಬೀಜ ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಆದರೆ ತೆರೆದಿಟ್ಟರೆ ಬೂದಿಯೂ ತೇವ ಎಳೆಯುತ್ತದೆ. ಅಟ್ಟದ ಮೇಲಿಟ್ಟ ಬೀಜವನ್ನು ಹಳೆಯ ಮನೆಗಳಲ್ಲಿ ಕಾಯುತ್ತಿದ್ದದ್ದು ಬೂದಿಗಿಂತ ಹೆಚ್ಚಾಗಿ ಕೆಳಗೆ ದಿನವಿಡೀ ಉರಿಯುತ್ತಿದ್ದ ಒಲೆ. ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು. ಬೀಜದ ಗಡಿಗೆ ಮಾತ್ರ ಅಲ್ಲೇ ಉಳಿಯಿತು.

ಫ್ರಿಜ್ಜಿನ ಮೇಲಿನ ಭರವಸೆಗೆ ವಿಜ್ಞಾನದ ಬೆಂಬಲವಿದೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜವನ್ನು ಮೈನಸ್ 18 ಡಿಗ್ರಿಯಲ್ಲೇ ಇಡುತ್ತಾರೆ. ಆದರೆ ಅದಕ್ಕೆ ಮೊದಲು ಚೆನ್ನಾಗಿ ಒಣಗಿಸಿ ಅಲ್ಯೂಮಿನಿಯಂ ಚೀಲದಲ್ಲಿ ಮುಚ್ಚಿರುತ್ತಾರೆ. ಮನೆಯಲ್ಲಿ ಆಗುವ ತಪ್ಪು ಬೇರೆ: ತಣ್ಣನೆಯ ಬಾಟಲಿಯನ್ನು ಹೊರತೆಗೆದ ಕೂಡಲೇ ತೆರೆಯುವುದು. ಹೊರಗಿನ ಆವಿ ತಣ್ಣನೆಯ ಬೀಜದ ಮೇಲೆ ಹನಿಯಾಗಿ ಕೂರುತ್ತದೆ. ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ, ಒಂದು ರಾತ್ರಿಯಾದರೂ, ಕಾಯಬೇಕು.

ಏಲಕ್ಕಿ ಬೀಜವೂ ಸಣ್ಣದಲ್ಲವೇ, ಅದನ್ನೂ ಹೀಗೇ ಇಡಬಹುದೇ? ಬೇಡ. ಏಲಕ್ಕಿ ಬೀಜ ಇಟ್ಟಷ್ಟೂ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ಬಿಡಿಸಿ, ಲೋಳೆ ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಕೆಲವು ದಿನ ಆರಿಸಿ, ತಡಮಾಡದೆ ನರ್ಸರಿ ಮಡಿಗೆ ಹಾಕುವುದೇ ಬೆಳೆಗಾರರು ಪಾಲಿಸುವ ಕ್ರಮ. ಕಾಫಿ ಬಿತ್ತನೆ ಬೀಜವನ್ನೂ ಬೂದಿಯಲ್ಲಿ ಹೊರಳಿಸಿ ನೆರಳಲ್ಲೇ ಆರಿಸಿ, ಅದೇ ಹಂಗಾಮಿನಲ್ಲಿ ಬಿತ್ತುತ್ತಾರೆ. ಮುಂದಿನ ಮಳೆಗಾಲ ದಾಟಿಸುವ ಬಾಟಲಿಯಲ್ಲಿ ಈ ಎರಡಕ್ಕೂ ಜಾಗವಿಲ್ಲ. ಅಲ್ಲಿ ಇರಬೇಕಾದದ್ದು ಹರಿವೆ, ಬದನೆ, ಮೆಣಸು. ಅವೂ ಜನವರಿ–ಫೆಬ್ರವರಿಯ ಒಣಹವೆಯಲ್ಲಿ, ಕಣದಲ್ಲಿ ಕಾಫಿ ಒಣಗುವ ಹೊತ್ತಿನಲ್ಲೇ, ತಾವೂ ಒಣಗಿ ಒಳಗೆ ಸೇರಿರಬೇಕು.