ಮೊಬೈಲ್ ಓದುಗರಿಗೆ ಕನ್ನಡದಲ್ಲಿ ವ್ಯಾಪಾರದ ಇ-ಮೇಲ್: ಹೇಗೆ ಬರೆದರೆ ಓದುತ್ತಾರೆ?

ಸೊಲ್ಲಾಪುರದಲ್ಲಿ ಚಾದರ ಮತ್ತು ಟಾವೆಲ್‌ಗಳ ವ್ಯಾಪಾರ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಮುನ್ನ ಮನೆಗೆ ಬಂದಿದ್ದ. ಅಕ್ಕಲಕೋಟ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವನು. ಪುಣೆ, ಮುಂಬಯಿ, ಕಲಬುರಗಿ, ಬೆಂಗಳೂರುಗಳಲ್ಲಿರುವ ಕನ್ನಡ ಕುಟುಂಬಗಳು ಅವನ ಗಿರಾಕಿಗಳು. ಮಾತಿನ ನಡುವೆ ಆತ, "ಸರ್, ಇನ್ನ ಮ್ಯಾಲ ಕನ್ನಡದಾಗ ಇ-ಮೇಲ್ ಕಳಸೂದು ಬಿಡ್ತೀನ್ರಿ. ಯಾರೂ ಓದೂದಿಲ್ಲ, ಇಂಗ್ಲಿಷಿನ್ಯಾಗ ಕಳಸ್ತೀನಿ" ಎಂದ.

ನಾನು ಅವನ ಪತ್ರವನ್ನು ನನ್ನ ಮೊಬೈಲಿನಲ್ಲಿ ತೆರೆದು ನೋಡಿದೆ. ವಿಷಯದ ಸಾಲಿನಲ್ಲಿ "ಸಪ್ರೇಮ ನಮಸ್ಕಾರಗಳು, ನಮ್ಮ ಮಾನ್ಯ ಗ್ರಾಹಕ..." ಎಂಬಷ್ಟೇ ಕಾಣುತ್ತಿತ್ತು. ಒಳಗಿನ ಮೊದಲ ಪರಿಚ್ಛೇದ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿಯಾಗಿತ್ತು. ಅದರ ಕೆಳಗೆ ಮುದ್ರಣಾಲಯದಲ್ಲಿ ಮಾಡಿಸಿದ ದೊಡ್ಡ ಪೋಸ್ಟರಿನ ಚಿತ್ರ. ಫೋನ್ ಸಂಖ್ಯೆ ಆ ಚಿತ್ರದ ಮೂಲೆಯಲ್ಲಿದ್ದುದರಿಂದ ಬೆರಳಿಟ್ಟರೆ ಕರೆ ಹೋಗುತ್ತಿರಲಿಲ್ಲ. ಓದುಗರು ಕನ್ನಡವನ್ನು ತಿರಸ್ಕರಿಸಿರಲಿಲ್ಲ. ಕನ್ನಡ ಅವರ ಕೈಗೆ ತಲುಪಿಯೇ ಇರಲಿಲ್ಲ.

ಈ ವ್ಯತ್ಯಾಸವನ್ನು ಗಡಿನಾಡಿನ ನಾವು ಅರಿಯಬೇಕು. ಕನ್ನಡದಿಂದ ವ್ಯಾಪಾರವಾಗದು ಎಂಬ ಮಾತು ಅಂಗಡಿಯಲ್ಲಿ ಹುಟ್ಟಿದರೆ ಅದು ಮನೆಗೆ ಬಂದು, ಮರುವರ್ಷದ ಜೂನ್ ತಿಂಗಳಲ್ಲಿ ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬ ನಿರ್ಧಾರವಾಗುತ್ತದೆ. ಆದ್ದರಿಂದ ಮೊಬೈಲಿಗೆ ಹೊಂದುವ ಪತ್ರವನ್ನು ಬರೆಯುವ ಬಗೆಯನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಚಾದರ, ಟಾವೆಲ್ ಮಾರುವವರಿಗೆ, ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಳುಹಿಸುವ ಮಹಿಳಾ ಸಂಘಗಳಿಗೆ, ಅಕ್ಕಲಕೋಟಕ್ಕೆ ಬರುವ ಯಾತ್ರಿಕರಿಗಾಗಿ ವಸತಿ ನಡೆಸುವವರಿಗೆ, ಎಲ್ಲರಿಗೂ ಇದು ಅನ್ವಯಿಸುತ್ತದೆ.

ಮೊದಲು ಅಕ್ಷರ ಸರಿಯಾಗಲಿ

ನಮ್ಮ ಭಾಗದ ಮುದ್ರಣಾಲಯಗಳಲ್ಲಿ ಇಂದಿಗೂ ಹಳೆಯ ಮಾದರಿಯ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡುವ ರೂಢಿಯಿದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಕೂರಿಸಿದಂಥವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತದೆ. ಗಿರಾಕಿಯ ಮೊಬೈಲಿನಲ್ಲಿ ಆಕಾರ ಕಳಚಿ ಬಿದ್ದು ಕೆಳಗಿನ ಇಂಗ್ಲಿಷ್ ಸಂಕೇತಗಳು ಉಳಿಯುತ್ತವೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಕೇತವಿರುವುದರಿಂದ ಅದು ಯಾವ ಫೋನಿನಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ. ಮೊಬೈಲಿನ ಕೀಲಿಮಣೆಯಲ್ಲಿ ಬರೆದದ್ದೆಲ್ಲ ಯೂನಿಕೋಡ್. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿಯೂ ಈಗ ಯೂನಿಕೋಡ್ ಆಯ್ಕೆಯಿದೆ. ಹಳೆಯ ಪಠ್ಯವನ್ನು ಪರಿವರ್ತಿಸುವ ಸಾಧನಗಳೂ ಇವೆ. ಪರೀಕ್ಷೆ ಸುಲಭ: ಪತ್ರವನ್ನು ಮೊದಲು ಬೇರೆಯವರ ಫೋನಿಗೆ ಕಳುಹಿಸಿ ನೋಡಿರಿ.

ಪೋಸ್ಟರ್ ಪತ್ರವಲ್ಲ

ಅಕ್ಷರದ ತೊಂದರೆಯನ್ನು ತಪ್ಪಿಸಲು ಅನೇಕರು ಇಡೀ ಜಾಹೀರಾತನ್ನು ಚಿತ್ರವಾಗಿ ಕಳುಹಿಸುತ್ತಾರೆ. ಗೋಡೆಗೆ ಅಂಟಿಸಲು ಮಾಡಿದ ಪೋಸ್ಟರ್ ಅಂಗೈಯಗಲದ ಪರದೆಯಲ್ಲಿ ಕುಗ್ಗಿದಾಗ ಒತ್ತಕ್ಷರಗಳು ಚುಕ್ಕೆಗಳಾಗುತ್ತವೆ. ಜಾಲ ದುರ್ಬಲವಾಗಿರುವ ಹಳ್ಳಿಯಲ್ಲಿ ಚಿತ್ರ ಇಳಿಯುವುದೇ ಇಲ್ಲ. ಎರಡು ತಿಂಗಳ ನಂತರ ಗಿರಾಕಿಯು "ಚಾದರ" ಎಂದು ಹುಡುಕಿದರೆ ಚಿತ್ರದೊಳಗಿನ ಪದ ಸಿಗುವ ಭರವಸೆಯಿಲ್ಲ. ಕಣ್ಣು ಮಂದವಾದವರಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅಲ್ಲಿ ಓದಲು ಏನೂ ದೊರೆಯುವುದಿಲ್ಲ. ಆದುದರಿಂದ ಹೇಳಬೇಕಾದ ಎಲ್ಲವೂ ಪಠ್ಯದಲ್ಲಿರಲಿ. ಚಾದರದ ಬಣ್ಣ, ಅಂಚು ತೋರಿಸಲು ಒಂದೇ ಒಂದು ಛಾಯಾಚಿತ್ರ ಸಾಕು; ಅದರ ಗಾತ್ರವನ್ನು 200 ಕೆಬಿಯೊಳಗೆ ಇಳಿಸಿರಿ.

ತೆರೆಯುವ ಮುನ್ನ ಕಾಣುವ ಮೂರು ಸಂಗತಿಗಳು

ಪತ್ರವನ್ನು ತೆರೆಯುವ ಮೊದಲು ಓದುಗನಿಗೆ ಕಾಣುವುದು ಮೂರು: ಕಳುಹಿಸಿದವರ ಹೆಸರು, ವಿಷಯದ ಸಾಲು, ಪತ್ರದ ಮೊದಲ ವಾಕ್ಯದ ತುಣುಕು. ತೆರೆಯಬೇಕೋ ಅಳಿಸಬೇಕೋ ಎಂಬ ನಿರ್ಣಯ ಇಲ್ಲಿಯೇ ಆಗುತ್ತದೆ.

ಹೆಸರಿನಲ್ಲಿ ಅಂಗಡಿ ಮತ್ತು ಊರು ಎರಡೂ ಇರಲಿ. ವಿಷಯದ ಸಾಲಿನಲ್ಲಿ ಮೊಬೈಲ್ ತೋರಿಸುವುದು ಮೊದಲ ನಾಲ್ಕೈದು ಪದಗಳನ್ನು ಮಾತ್ರ. ನಮಸ್ಕಾರ, ವಿಜ್ಞಾಪನೆಗಳಲ್ಲಿ ಆ ಜಾಗ ಮುಗಿದುಹೋಗಬಾರದು. ನಮಸ್ಕಾರವನ್ನು ಬಿಡಬೇಕೆಂದಲ್ಲ, ಅದರ ಸ್ಥಾನ ಪತ್ರದ ಒಳಗೆ. "ಮದುವೆ ಆಯೇರಿಗೆ ಚಾದರ ಸಿದ್ಧ" ಎಂಬ ನಾಲ್ಕು ಪದಗಳು ವಸ್ತುವನ್ನೂ ಸಂದರ್ಭವನ್ನೂ ಒಟ್ಟಿಗೆ ತಿಳಿಸುತ್ತವೆ. ಮೊದಲ ವಾಕ್ಯವು ಅದನ್ನೇ ಮತ್ತೆ ಹೇಳದೆ ಮುಂದಿನ ಸಂಗತಿಯನ್ನು ಹೇಳಲಿ: ಎಂದಿನವರೆಗೆ, ಎಷ್ಟು ಬೆಲೆಗೆ.

ಒಂದು ಅಂಕಣ, ಒಂದು ಕೋರಿಕೆ

ಎರಡು ಅಂಕಣಗಳ ವಿನ್ಯಾಸ ಪತ್ರಿಕೆಗೆ ಶೋಭಿಸುತ್ತದೆ. ಮೊಬೈಲಿನಲ್ಲಿ ಅದು ಓದುಗನನ್ನು ಎಡಬಲಕ್ಕೆ ಎಳೆದಾಡಿಸುತ್ತದೆ. ಎಲ್ಲವೂ ಒಂದೇ ಅಂಕಣದಲ್ಲಿ ಮೇಲಿನಿಂದ ಕೆಳಗೆ ಬರಲಿ. ಜಿಮೇಲ್‌ನಲ್ಲಿ ನೇರವಾಗಿ ಬರೆದ ಸಾದಾ ಪತ್ರವು ತಾನಾಗಿಯೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಸಣ್ಣ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಬೇಕಿಲ್ಲ. ವಿನ್ಯಾಸಕಾರರಿಂದ ಮಾಡಿಸುವವರು ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಇಂಗ್ಲಿಷಿಗಿಲ್ಲದ ಒಂದು ಅಗತ್ಯ ಕನ್ನಡಕ್ಕಿದೆ: ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ, ಗುಣಿತ ಚಿಹ್ನೆಗಳು ಮೇಲೇರುತ್ತವೆ. ಆದ್ದರಿಂದ ಸಾಲುಗಳ ನಡುವೆ ಅಕ್ಷರಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಅಂತರವಿರಲಿ.

ಜಿಮೇಲ್ 102 ಕೆಬಿ ಮೀರಿದ ಪತ್ರದ ಬಾಲವನ್ನು ಕತ್ತರಿಸಿ ಮರೆಮಾಡುತ್ತದೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ಹಿಡಿದರೆ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಏಳು ಬೈಟ್‌ಗಳಲ್ಲಿ ಮುಗಿಯುವ "ಸೊಲ್ಲಾಪುರ" ಕನ್ನಡದಲ್ಲಿ 27 ಬೈಟ್ ಆಗುತ್ತದೆ. ಸಾದಾ ಪತ್ರಕ್ಕೆ ಇದರಿಂದ ತೊಂದರೆಯಿಲ್ಲ. ವರ್ಡ್ ಕಡತದಿಂದ ನಕಲಿಸಿದಾಗ ಅದರೊಂದಿಗೆ ಬರುವ ಅಡಗಿದ ವಿನ್ಯಾಸ ಸಂಕೇತಗಳು ಸೇರಿ ಮಿತಿ ಮೀರುವುದುಂಟು. ಎಸ್‌ಎಂಎಸ್ ಕಳುಹಿಸುವವರೂ ನೆನಪಿಡಬೇಕು: ಅಲ್ಲಿ ಇಂಗ್ಲಿಷಿಗೆ 160 ಸಂಕೇತಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಮಾತ್ರ.

ಇನ್ನು ಕೋರಿಕೆ. ಒಂದೇ ಪತ್ರದಲ್ಲಿ ಅಂಗಡಿಗೆ ಬನ್ನಿ, ಫೇಸ್‌ಬುಕ್ ನೋಡಿ, ಗೆಳೆಯರಿಗೆ ತಿಳಿಸಿ ಎಂದರೆ ಓದುಗ ಯಾವುದನ್ನೂ ಮಾಡುವುದಿಲ್ಲ. ಒಂದನ್ನೇ ಕೇಳಿರಿ. ಫೋನ್ ಮಾಡಬೇಕೆಂದಿದ್ದರೆ ಸಂಖ್ಯೆಯನ್ನು ಪಠ್ಯವಾಗಿ, ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಬಹುತೇಕ ಫೋನ್‌ಗಳಲ್ಲಿ ಅದನ್ನು ಮುಟ್ಟಿದರೆ ಕರೆ ಹೋಗುತ್ತದೆ. ಗುಂಡಿ ಇಡುವುದಾದರೆ ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ. ಆಪಲ್ ಸೂಚಿಸುವ ಕನಿಷ್ಠ ಅಳತೆ 44 ಪಾಯಿಂಟ್.

ಯಾವ ಭಾಷೆ, ಯಾರ ಒಪ್ಪಿಗೆ

ಸೊಲ್ಲಾಪುರದ ಅಂಗಡಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ಒಂದೇ ಪತ್ರದಲ್ಲಿ ಎಲ್ಲವನ್ನೂ ತುರುಕಿದರೆ ಮೊಬೈಲಿನ ಓದುಗ ತನ್ನ ಭಾಷೆಯನ್ನು ತಲುಪುವ ಮೊದಲೇ ಮುಚ್ಚುತ್ತಾನೆ. ಬಿಲ್ ಮಾಡುವಾಗಲೇ "ಪತ್ರ ಯಾವ ಭಾಷೆಯಲ್ಲಿ ಕಳುಹಿಸಲಿ?" ಎಂದು ಕೇಳಿ, ಭಾಷೆಗೊಂದು ಪಟ್ಟಿ ಮಾಡಿಕೊಳ್ಳಿರಿ. ಮರಾಠಿ ಗಿರಾಕಿಗೆ ಮರಾಠಿಯಲ್ಲಿ, ಕನ್ನಡ ಗಿರಾಕಿಗೆ ಕನ್ನಡದಲ್ಲಿ ಬರೆಯುವುದು ಇಬ್ಬರಿಗೂ ಸಲ್ಲಿಸುವ ಗೌರವ.

ಒಪ್ಪಿಗೆಯಿಲ್ಲದೆ ಯಾರಿಗೂ ಕಳುಹಿಸಬಾರದು. ಶಾಲೆಯ ಪಾಲಕರ ಪಟ್ಟಿಯನ್ನು ಅಂಗಡಿಗೆ ಕೊಡುವುದು ಶಿಕ್ಷಕನಾದವನಿಗೆ ಸಲ್ಲದು; ಕೊಟ್ಟ ಮಾಹಿತಿಯನ್ನು ಒಪ್ಪಿದ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ವಿಳಾಸಗಳಿಗಷ್ಟೇ ಕಳುಹಿಸಬಹುದು. ಅನೇಕರಿಗೆ ಒಟ್ಟಿಗೆ ಕಳುಹಿಸುವಾಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಬಿಸಿಸಿ ಸಾಲಿನಲ್ಲಿ ಹಾಕಿರಿ. 2024ರ ಫೆಬ್ರವರಿಯಿಂದ ಗೂಗಲ್ ನಿಯಮಗಳನ್ನು ಬಿಗಿಗೊಳಿಸಿದೆ: ಓದುಗರು ಸ್ಪ್ಯಾಮ್ ಎಂದು ಗುರುತಿಸುವ ಪ್ರಮಾಣ 0.3 ಶೇಕಡಾ ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂವರು ಬೇಸತ್ತರೂ ಉಳಿದವರಿಗೆ ನಿಮ್ಮ ಪತ್ರ ತಲುಪುವುದು ಕಷ್ಟವಾದೀತು. "ಪತ್ರ ಬೇಡವಾದರೆ ಬೇಡ ಎಂದು ಉತ್ತರಿಸಿ" ಎಂಬ ಸಾಲು ಕೊನೆಯಲ್ಲಿರಲಿ. ಬೇಡವೆಂದವರ ಹೆಸರನ್ನು ಅಂದೇ ತೆಗೆಯಿರಿ.

ತಿದ್ದಿದ ಪತ್ರ

ನನ್ನ ವಿದ್ಯಾರ್ಥಿ ಹಾಗೂ ನಾನು ಕುಳಿತು ತಿದ್ದಿದ ಪತ್ರದ ಒಡಲು ಹೀಗಿತ್ತು:

"ನಮಸ್ಕಾರ. ತುಳಸಿ ಲಗ್ನದ ನಂತರದ ಮದುವೆಗಳಿಗೆ ಆಯೇರಿ ಚಾದರಗಳು ಸಿದ್ಧವಾಗಿವೆ. ಎಲ್ಲವೂ ಸೊಲ್ಲಾಪುರದಲ್ಲಿಯೇ ನೇಯ್ದವು. ಬಣ್ಣಗಳನ್ನು ಕೆಳಗಿನ ಚಿತ್ರದಲ್ಲಿ ನೋಡಬಹುದು. 25ಕ್ಕಿಂತ ಹೆಚ್ಚು ಬೇಕಾದರೆ ಲಗ್ನದ ದಿನಕ್ಕೆ ಹದಿನೈದು ದಿನ ಮೊದಲು ತಿಳಿಸಿರಿ. ಬೆಲೆ ಮತ್ತು ಸಾಗಣೆ ವಿಚಾರಿಸಲು ಈ ಸಂಖ್ಯೆಗೆ ಕರೆ ಮಾಡಿರಿ."

ಅದರ ಕೆಳಗೆ ಸಂಖ್ಯೆ, ಒಂದು ಚಿತ್ರ, ಬೇಡವೆನ್ನುವವರಿಗೆ ಒಂದು ಸಾಲು. ಅಷ್ಟೇ. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಆ ಸಂಗತಿಯನ್ನು ಒಂದು ವಾಕ್ಯದಲ್ಲಿ ಸೇರಿಸಬಹುದು, ಉಳಿದವರು ಸೇರಿಸಬಾರದು.

ಫಲವನ್ನು ಅಳೆಯುವಾಗ ಎಷ್ಟು ಜನ ಪತ್ರ ತೆರೆದರೆಂಬ ಲೆಕ್ಕವನ್ನು ಹೆಚ್ಚು ನಂಬಬೇಡಿರಿ. 2021ರಲ್ಲಿ ಆಪಲ್ ತನ್ನ ಮೇಲ್‌ನಲ್ಲಿ ಗೌಪ್ಯತೆಯ ವ್ಯವಸ್ಥೆ ತಂದ ಮೇಲೆ ಓದದ ಪತ್ರವೂ ತೆರೆದಂತೆ ದಾಖಲಾಗಬಹುದು. ಬಂದ ಕರೆಗಳನ್ನು ಎಣಿಸಿರಿ, ಬಂದ ಆರ್ಡರ್‌ಗಳನ್ನು ಎಣಿಸಿರಿ.

ತಿದ್ದಿದ ಪತ್ರ ಹೋದ ಸಂಜೆಯೇ ಪುಣೆಯಿಂದ ವೃದ್ಧರೊಬ್ಬರು ಕರೆ ಮಾಡಿ, ಚಾದರದ ಮಾತಿಗಿಂತ ಮೊದಲು "ನಿಮ್ಮ ಊರು ಯಾವುದು, ಕನ್ನಡ ಸಾಲಿಯೊಳಗ ಕಲ್ತೀರೇನು?" ಎಂದು ಕೇಳಿದರಂತೆ. ಆ ಪ್ರಶ್ನೆಯ ನಂತರ ನನ್ನ ವಿದ್ಯಾರ್ಥಿ ಇಂಗ್ಲಿಷ್ ಪತ್ರದ ಮಾತನ್ನು ಮತ್ತೆ ಎತ್ತಿಲ್ಲ. ಗಡಿನಾಡಿನ ವ್ಯಾಪಾರಿ ಬಂಧುಗಳೂ ಕನ್ನಡವನ್ನು ಕೈಬಿಡುವ ಮುನ್ನ ತಮ್ಮ ಪತ್ರವನ್ನು ಒಮ್ಮೆ ಗಿರಾಕಿಯ ಮೊಬೈಲಿನಲ್ಲಿ ತೆರೆದು ಓದಲಿ ಎಂಬುದೇ ನನ್ನ ಕೋರಿಕೆ.